ಅಣ್ಣನ ಪಾಲಿನ ಸಂಖ್ಯೆ

ಸಂಖ್ಯೆಯ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಹೊಸ ಚಪ್ಪಲಿಯ ಬಗ್ಗೆ. ಬೆಳಿಗ್ಗೆಯಿಂದ ಅದು ಎಡಗಾಲಿನ ಕಿರುಬೆರಳನ್ನು ಕಚ್ಚುತ್ತಿತ್ತು, ಮಧ್ಯಾಹ್ನ ಮೂರಕ್ಕೆ ಅದೇ ಕಾಲಿನ ಮೇಲೆ ನಿಂತು ಒಂದು ಗಂಟೆ ಮಾತಾಡಬೇಕಿತ್ತು. ಮಾತು ಅವಳಿಗೆ ನೀರು ಕುಡಿದಷ್ಟು ಸುಲಭ. ಇಪ್ಪತ್ತೆರಡು ಅಂಕಿಯ ಒಂದು ಸಂಖ್ಯೆ, ಒಂದನ್ನೂ ತನ್ನನ್ನೂ ಬಿಟ್ಟು ಇನ್ಯಾವುದಕ್ಕೂ ಬಗ್ಗದ ಸಂಖ್ಯೆ, ಅದರ ಗುಣಸ್ವಭಾವಗಳು: ವಿಷಯ ಇಷ್ಟೇ. ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಆದ್ದರಿಂದ ಅದು ಎರಡು ವರ್ಗಗಳ ಮೊತ್ತ, ಅದೂ ಒಂದೇ ಒಂದು ರೀತಿಯಲ್ಲಿ. ಆ ಎರಡು ವರ್ಗಗಳನ್ನು ಅವಳು ಹೋದ ವರ್ಷವೇ ಹಿಡಿದು ಹಾಕಿದ್ದಳು. ಹಿಂದುಮುಂದಾಗಿ ಬರೆದರೆ ಮಾತ್ರ ಪಾಪ ಹದಿಮೂರಕ್ಕೆ ಸಿಕ್ಕಿಬಿದ್ದು ಮಾನ ಕಳೆದುಕೊಳ್ಳುತ್ತದೆ. ಮನೆಯಲ್ಲಿ ಅದಕ್ಕೆ ಯಜಮಾನ ಎಂದು ಹೆಸರು. ಯಜಮಾನ ಇವತ್ತು ಹೇಗಿದ್ದಾನೆ ಎಂದು ಅಣ್ಣ ಕೇಳುವುದು, ಮೊಂಡು ಬಿಟ್ಟಿಲ್ಲ ಎಂದು ಅವಳು ಹೇಳುವುದು, ವರ್ಷಗಳಿಂದ ನಡೆದುಬಂದ ಮಾತು. ಕಣ್ಣಾಸ್ಪತ್ರೆಯ ಉದ್ದ ಬೆಂಚಿನ ಮೇಲೆ ಅಣ್ಣನ ಪಕ್ಕ ಕುಳಿತು ಅವಳು ಚಪ್ಪಲಿಯಿಂದ ಕಾಲನ್ನು ಅರ್ಧ ಹೊರಗೆಳೆದುಕೊಂಡಳು.

ಅಣ್ಣನ ಬಲಗಣ್ಣಿಗೆ ಪಟ್ಟಿ. ಪೊರೆ ತೆಗೆದದ್ದು ನಿನ್ನೆ, ಪಟ್ಟಿ ಬಿಚ್ಚುವುದು ಇವತ್ತು. ಎಡಗಣ್ಣಿನ ಪೊರೆ ಇನ್ನೂ ಹಾಗೇ ಇದೆ, ಅದರಿಂದ ಅವನಿಗೆ ಕಾಣುವುದು ಬೆಳಕು ಮತ್ತು ಬೆಳಕಿಗೆ ಅಡ್ಡ ಬಂದವರು, ಅಷ್ಟೇ. ಎರಡು ಕೈಗಳನ್ನೂ ಮೊಣಕಾಲಿನ ಮೇಲಿಟ್ಟುಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ಕುಳಿತಿದ್ದ. ಹೋದ ವರ್ಷದವರೆಗೆ ಅವನು ಸಂಸ್ಥೆಯ ಲೆಕ್ಕದ ಕೋಣೆಯ ಮುಖ್ಯಸ್ಥ. ಹಿಡಿ ತಿರುಗಿಸುವ ಲೆಕ್ಕದ ಯಂತ್ರಗಳು ಸಾಲಾಗಿ ಕುಳಿತ ಆ ಕೋಣೆಯಲ್ಲಿ, ಯಾವ ಯಂತ್ರದ ಯಾವ ಹಲ್ಲು ಸವೆದಿದೆ ಎಂಬುದನ್ನು ಸದ್ದಿನಿಂದಲೇ ಹೇಳುತ್ತಿದ್ದ. ಅವಳು ಮೊದಲ ಸಲ ಅಲ್ಲಿನ ಗಣಿತ ವಿಭಾಗದಲ್ಲಿ ಪಾಠ ಮಾಡಲು ಬಂದ ದಿನ ವಿಭಾಗದ ಮುಖ್ಯಸ್ಥರು ಎಲ್ಲರ ಮುಂದೆ, "ಇವರು ನಮ್ಮ ಲೆಕ್ಕದ ಕೋಣೆಯವರ ತಂಗಿ" ಎಂದು ಪರಿಚಯಿಸಿ ಕುಳಿತುಬಿಟ್ಟಿದ್ದರು, ಅವಳಿಗೆ ಒಂದು ಹೆಸರೂ ಡಿಗ್ರಿಯೂ ಇಲ್ಲವೆನ್ನುವಂತೆ. ಆವತ್ತು ಮುಖಕ್ಕೆ ಹೊಡೆದ ಹಾಗಾಗಿತ್ತು. ಹುಡುಗರು ಆಮೇಲೆ ಶೇಷಮ್ಮ ಎಂದು ಅಡ್ಡಹೆಸರಿಟ್ಟರು, ಯಾವ ಉತ್ತರ ಕೊಟ್ಟರೂ ಶೇಷ ಎಷ್ಟು ಉಳಿಯಿತು ಎಂದು ಕೇಳುತ್ತಾಳೆಂದು. ಆ ಹೆಸರನ್ನು ಅವಳು ಬಹುಮಾನವೆಂದೇ ಇಟ್ಟುಕೊಂಡಳು. ಇವತ್ತು ಅದೇ ಮುಖ್ಯಸ್ಥರು ಹೊರಗಿನಿಂದ ಬಂದ ಅತಿಥಿಗಳ ಮುಂದೆ ಅವಳ ಹೆಸರು ಹೇಳಲೇಬೇಕು. ಸಭಾಂಗಣದ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಅವಳ ಹೆಸರು ಮೊದಲಿತ್ತು, ಅಣ್ಣನದು ಅದರ ಕೆಳಗೆ.

ನದೀಮೂಲ ಋಷಿಮೂಲ ಹುಡುಕಬಾರದು ಅನ್ನುತ್ತಾರೆ. ಅವಿಭಾಜ್ಯ ಸಂಖ್ಯೆಯ ವಿಷಯದಲ್ಲಿ ಆ ರಿಯಾಯಿತಿ ಇಲ್ಲ. ಯಜಮಾನ ಅವಿಭಾಜ್ಯನೆಂದು ಸಾಧಿಸಬೇಕಾದರೆ ಯಜಮಾನನಿಗಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಹಿಡಿಯಬೇಕು, ಅದನ್ನು ಒಡೆದು ಚೂರು ಮಾಡಬೇಕು, ಪ್ರತಿಯೊಂದು ಚೂರೂ ಇನ್ನು ಒಡೆಯುವುದಿಲ್ಲವೆಂದು ತೋರಿಸಬೇಕು, ಆಮೇಲೆ ಒಂದೊಂದು ಚೂರನ್ನೂ ಮುಂದಿಟ್ಟುಕೊಂಡು ವಾರಗಟ್ಟಲೆ ಯಂತ್ರ ತಿರುಗಿಸಬೇಕು. ಚೂರುಗಳಲ್ಲಿ ಎಲ್ಲವೂ ಪುಡಿ ಸಂಖ್ಯೆಗಳೇ, ಎರಡು, ಮೂರು, ಐದು, ಏಳು. ಒಂದು ಮಾತ್ರ ಹತ್ತು ಅಂಕಿಯದು, 3215031751. ಅದಕ್ಕೆ ಅಳಿಯ ಎಂದು ಹೆಸರಿಟ್ಟವನು ಅಣ್ಣ. "ಅವನಿಲ್ಲದೆ ಮನೆ ನಡೆಯಲ್ಲ, ಅವನನ್ನ ಜಾಸ್ತಿ ಪ್ರಶ್ನೆ ಕೇಳೋ ಹಾಗೂ ಇಲ್ಲ" ಎಂದು ನಕ್ಕಿದ್ದ. ಕೆಲಸ ಹಂಚಿಕೊಂಡಾಗ ಯಜಮಾನ ಅವಳ ಪಾಲಿಗೆ ಬಂತು, ಅಳಿಯ ಅಣ್ಣನ ಪಾಲಿಗೆ.

ಎದುರಿನ ಗೋಡೆಯ ಮೇಲೆ ದೊಡ್ಡ ಕಣ್ಣಿನ ಚಿತ್ರ, ಅದರ ನರಗಳಿಗೆಲ್ಲ ಕೆಂಪು ನೀಲಿ ಬಣ್ಣ. ನರ್ಸೊಬ್ಬಳು ಬಾಗಿಲಿನಿಂದ ತಲೆ ಹೊರಹಾಕಿ ಸಂಖ್ಯೆ ಕೂಗುತ್ತಿದ್ದಳು, ಬೆಂಚುಗಳಿಂದ ಯಾರೋ ಎದ್ದು ಇನ್ಯಾರದೋ ತೋಳು ಹಿಡಿದು ನಡೆಯುತ್ತಿದ್ದರು. ಅವಳ ಅಂಗೈಯಲ್ಲಿ ತಗಡಿನ ಟೋಕನ್ ಬೆಚ್ಚಗಾಗಿತ್ತು. ಕೈಗೆ ಸಿಕ್ಕ ಸಂಖ್ಯೆಯಿಂದ ಮನಸ್ಸಿನಲ್ಲಿರುವ ಸಂಖ್ಯೆಯನ್ನು ಭಾಗಿಸುವುದು ಅವರಿಬ್ಬರ ಹಳೆಯ ಆಟ. ಬಸ್ಸಿನ ಹಿಂಬದಿಯ ನಂಬರು, ಮನೆಯ ಬಾಗಿಲಿನ ನಂಬರು, ಕ್ಷೌರದಂಗಡಿಯ ಕ್ಯಾಲೆಂಡರು, ಯಾವುದಾದರೂ ಸರಿ. ಶೇಷ ಎಷ್ಟು ಎಂದು ಅಣ್ಣ ಥಟ್ಟನೆ ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು, ಅವನು ಅಲ್ಲೇ ನಿಂತು ತುಟಿ ಅಲ್ಲಾಡಿಸುತ್ತ ತಾನೂ ಒಂದು ಸಲ ಭಾಗಿಸಿ, ಆಮೇಲೆ ಸರಿ ಅನ್ನುತ್ತಿದ್ದ. ಎಂಟು ವರ್ಷದ ಹುಡುಗಿಗೆ ಅದು ಮೈ ಉರಿಯುವ ವಿಷಯ. ನನ್ನ ಮೇಲೆ ನಂಬಿಕೆ ಇಲ್ವಾ ಎಂದು ರಸ್ತೆಯಲ್ಲೇ ಕಾಲು ಬಡಿಯುತ್ತಿದ್ದಳು. "ತಪ್ಪು ಅನ್ನೋಕೆ ಒಂದು ಸಲ ನೋಡಿದ್ರೆ ಸಾಕು, ಪುಟ್ಟೀ. ಸರಿ ಅನ್ನೋಕೆ ಎರಡು ಸಲ ನೋಡ್ಬೇಕು." ಈಗ ಅವಳು ಕೂದಲು ಹಣ್ಣಾಗುತ್ತಿರುವ ಹೆಂಗಸು, ಇನ್ನೂ ಪುಟ್ಟಿಯೇ.

ಅವಳು ಟೋಕನ್ ನೋಡಿದಳು. ನೂರ ಐವತ್ತೊಂದು. ಒಳ್ಳೆ ಸಂಖ್ಯೆ, ತಾನೂ ಅವಿಭಾಜ್ಯ. ಯಜಮಾನನನ್ನು ಬಾಯಲ್ಲಿ ಭಾಗಿಸಲು ಇಪ್ಪತ್ತೆರಡು ಅಂಕಿ, ಅಷ್ಟು ವ್ಯವಧಾನವಿಲ್ಲ, ಅಳಿಯ ಸಾಕು. ಮುನ್ನೂರ ಇಪ್ಪತ್ತೊಂದರಲ್ಲಿ ಎರಡು ಸಲ, ಉಳಿದದ್ದು ಹತ್ತೊಂಬತ್ತು. ಐದನ್ನು ಇಳಿಸಿದರೆ ನೂರ ತೊಂಬತ್ತೈದು, ಒಂದು ಸಲ, ನಲವತ್ತನಾಲ್ಕು. ಪಕ್ಕದ ಬೆಂಚಿನಲ್ಲಿ ಮಗುವೊಂದು ತನ್ನ ಅಜ್ಜಿಯ ಕಪ್ಪು ಕನ್ನಡಕಕ್ಕಾಗಿ ರಚ್ಚೆ ಹಿಡಿದಿತ್ತು. ನಾನೂರ ನಲವತ್ತು, ಎರಡು, ನೂರ ಮೂವತ್ತೆಂಟು. ಮತ್ತೆ ಒಂಬತ್ತು, ಇಪ್ಪತ್ತನಾಲ್ಕು. ಒಂದು, ತೊಂಬತ್ತು. ಒಂಬೈನೂರ ಏಳರಲ್ಲಿ ಆರು ಸಲ, ಉಳಿದದ್ದು ಬರೀ ಒಂದು. ಐದು ಇಳಿದು ಹದಿನೈದಾಯಿತು, ಸೊನ್ನೆ. ಹದಿನೈದರ ಪಕ್ಕ ಅಳಿಯನ ಕೊನೆಯ ಅಂಕಿ ಇಳಿಯಿತು, ಒಂದು. ನೂರ ಐವತ್ತೊಂದು. ಅವಳು ಅಂಗೈಯನ್ನು ನೋಡಿದಳು, ಟೋಕನ್ನಿನ ಮೇಲೂ ಅದೇ. ಏನೂ ಉಳಿಯಲಿಲ್ಲ.

ಎಲ್ಲೋ ಅಂಕಿ ತಪ್ಪಿಸಿದ್ದೇನೆ ಎಂದುಕೊಂಡಳು. ಮತ್ತೆ ಮೊದಲಿನಿಂದ ಭಾಗಿಸಿದಳು, ಆಮೇಲೆ ಉತ್ತರವನ್ನು ತಿರುಗಿ ಗುಣಿಸಿದಳು. ಅಳಿಯ ಬಂದು ಎದುರಿಗೆ ನಿಂತ, ಹತ್ತು ಅಂಕಿಯೂ ಸರಿಯಾಗಿ. ಅವಿಭಾಜ್ಯವೆಂದು ಮನೆಗೆ ಕರೆದುಕೊಂಡ ಅಳಿಯನೊಳಗೆ ನೂರ ಐವತ್ತೊಂದು ಕುಳಿತಿತ್ತು. ಹಾಗಾದರೆ ಚೂರು ಚೂರಲ್ಲ, ಅದರ ಮೇಲೆ ನಿಂತ ಸಾಧನೆ ಸಾಧನೆಯಲ್ಲ, ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆದದ್ದು ಸುಳ್ಳು. ಸೋಜಿಗವೆಂದರೆ ಯಜಮಾನನ ಬಗ್ಗೆ ಅವಳ ನಂಬಿಕೆ ಆಗಲೂ ಅಲ್ಲಾಡಲಿಲ್ಲ. ಅವನು ಅವಿಭಾಜ್ಯನೇ. ಅಳಿಯನನ್ನು ಪೂರ್ತಿ ಒಡೆದು, ಅವನ ಬದಲಿಗೆ ಅವನ ಚೂರುಗಳನ್ನು ಇಟ್ಟು ಒಂದು ವಾರ ಯಂತ್ರ ತಿರುಗಿಸಿದರೆ ಸಾಧನೆ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಆದರೆ ಅವಳ ಬಳಿ ಇದ್ದದ್ದು ವಾರವಲ್ಲ, ಮೂರು ಗಂಟೆಯವರೆಗಿನ ಹೊತ್ತು.

"ಏನೇ ಅದು, ಉಸಿರು ಕಟ್ಕೊಂಡು ಕೂತಿದೀಯ?" ಅಂದ ಅಣ್ಣ. ಕಣ್ಣು ಹೋದಮೇಲೆ ಅವನ ಕಿವಿ ಹಾವಿನ ಕಿವಿಯಾಗಿತ್ತು.

"ಚಪ್ಪಲಿ ಕಚ್ತಿದೆ."

"ಟೋಕನ್ ಎಷ್ಟು ನಮ್ಮದು?"

ಎಷ್ಟು ಎಂದರೆ ಅವನು ಭಾಗಿಸುತ್ತಾನೆ. ಬೇರೆ ಕೆಲಸವೇನಿದೆ ಅವನಿಗೆ, ಕತ್ತಲಲ್ಲಿ ಕುಳಿತು? ಯಾವುದನ್ನು ಭಾಗಿಸುತ್ತಾನೆ ಎಂಬುದೂ ಗೊತ್ತೇ ಇದೆ, ಸಭೆಯ ದಿನ, ಅವನ ಪಾಲಿನ ಸಂಖ್ಯೆಯನ್ನೇ. "ನೂರ ನಲವತ್ತೊಂಬತ್ತು," ಎಂದಳು. ಬಾಯಿಂದ ಬಿದ್ದಮೇಲೆ ತಿಳಿಯಿತು, ಅಣ್ಣನಿಗೆ ಅವಳು ಜೀವಮಾನದಲ್ಲಿ ಎಷ್ಟೋ ಸುಳ್ಳು ಹೇಳಿದ್ದಳು, ಸಿನಿಮಾಕ್ಕೆ ಹೋದದ್ದು, ಮದುವೆಗೆ ಒಲ್ಲೆನೆಂದದ್ದರ ಕಾರಣ. ಸಂಖ್ಯೆಯ ಸುಳ್ಳು ಮಾತ್ರ ಇದೇ ಮೊದಲು. ಅಣ್ಣನ ತುಟಿ ಅಲ್ಲಾಡತೊಡಗಿತು. ಸ್ವಲ್ಪ ಹೊತ್ತಾದಮೇಲೆ ತೃಪ್ತಿಯಿಂದ, "ಅಳಿಯ ಬಗ್ಗಲ್ಲ ಬಿಡು," ಎಂದ.

ಅಳಿಯನ ಪರೀಕ್ಷೆ ಮುಗಿದ ದಿನ ಲೆಕ್ಕದ ಕೋಣೆಗೆ ಅವಳು ಹೋದಾಗ ಉಳಿದವರು ಮನೆಗೆ ಹೊರಟಿದ್ದರು. ಅಣ್ಣ ಯಂತ್ರದ ಅಂಕಿಗಳಿಗೆ ಮೂಗು ತಾಗುವಷ್ಟು ಬಗ್ಗಿ, ಒಂದು ಬೆರಳಿನಿಂದ ಅಂಕಿಗಳ ಕಿಂಡಿಗಳನ್ನು ಸವರುತ್ತಿದ್ದ. ಅವಳ ಹೆಜ್ಜೆ ಕೇಳಿದ್ದೇ ನೆಟ್ಟಗಾಗಿ, ನೀರು ಕುಡೀತೀಯಾ ಎಂದು ಹೂಜಿ ಎತ್ತಿ ಲೋಟದ ಪಕ್ಕಕ್ಕೆ ಮೇಜಿನ ಮೇಲೆ ಸುರಿದ. ಅವಳು ಬಟ್ಟೆ ತಂದು ಒರೆಸಿದಳು, ಒರೆಸುತ್ತ ಬೇರೇನೋ ಮಾತಾಡಿದಳು. "ನಮ್ಮ ಅಳಿಯ ಒಳ್ಳೆಯವನು ಕಣೇ. ಎರಡು, ಮೂರು, ಐದು, ಏಳು, ನಾಲ್ಕು ಪರೀಕ್ಷೇನೂ ಪಾಸು. ಅವಿಭಾಜ್ಯ ಅಂತ ಬರ್ಕೊ." ಆ ನಾಲ್ಕು ಸಂಖ್ಯೆಗಳನ್ನು ಒಂದೊಂದಾಗಿ ಎದುರಿಗೆ ನಿಲ್ಲಿಸಿ ಕೇಳುವ ಪರೀಕ್ಷೆ ಅದು. ಅವಿಭಾಜ್ಯವಾದದ್ದು ಪಾಸಾಗಿಯೇ ತೀರುತ್ತದೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ, ಪಾಸಾದದ್ದೆಲ್ಲ ಅವಿಭಾಜ್ಯವೂ ಅಲ್ಲ. ಪರೀಕ್ಷೆ ಮುಗಿದಮೇಲೆ ಕೂತು ಭಾಗಿಸಬೇಕು, ಇಲ್ಲವೇ ಇನ್ನೊಂದು ದಾರಿಯಲ್ಲಿ ಸಾಧಿಸಬೇಕು. ಇದನ್ನು ಅವಳು ಪ್ರತಿವರ್ಷ ಮೊದಲನೇ ವಾರದಲ್ಲೇ ಪಾಠ ಮಾಡುತ್ತಾಳೆ. ಹುಡುಗನೊಬ್ಬ ನಾಲ್ಕು ಪರೀಕ್ಷೆ ಮಾಡಿ ಅವಿಭಾಜ್ಯವೆಂದು ಬರೆದಿದ್ದರೆ ಅವನ ಜನ್ಮ ಜಾಲಾಡಿಬಿಡುತ್ತಿದ್ದಳು. ಭಾಗಿಸಿದೆಯಾ ಅಣ್ಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಮೇಜಿನ ಮೇಲೆ ನೀರಿನ ಕಲೆ ಇನ್ನೂ ಇತ್ತು. "ಆಯ್ತಣ್ಣ," ಎಂದಳು. ಕರುಣೆಯಿಂದ ಹಾಗೆಂದೆ ಎಂದು ಇಷ್ಟು ದಿನ ಅಂದುಕೊಂಡಿದ್ದಳು, ಗೌರವವೆಂದೂ ಕರೆದಿದ್ದಳು. ಈಗ ಬೆಂಚಿನ ಮೇಲೆ ಕುಳಿತಾಗ ಅದರಡಿಯಲ್ಲಿ ಇನ್ನೊಂದು ಕಂಡಿತು: ಅವಳಿಗೆ ಅಳಿಯ ಅವಿಭಾಜ್ಯವಾಗಿರುವುದು ಬೇಕಿತ್ತು. ಬೇಗ ಬೇಕಿತ್ತು.

"ನೂರ ಐವತ್ತೊಂದು!" ನರ್ಸು ಕೂಗಿದಳು. ಅವಳು ಏಳಲಿಲ್ಲ. "ನೂರ ಐವತ್ತೊಂದು ಯಾರ್ರೀ? ಬರ್ತೀರೋ ಇಲ್ವೋ?" ಅವಳು ಎದ್ದು ಅಣ್ಣನ ತೋಳು ಹಿಡಿದಳು.

"ನಮ್ಮದು ನೂರ ನಲವತ್ತೊಂಬತ್ತು ಅಂದ್ಯಲ್ಲ?"

"ನಾನು ಸರಿಯಾಗಿ ನೋಡ್ಲಿಲ್ಲ ಅಣ್ಣ."

ಅವಳ ಕೈಯಲ್ಲಿದ್ದ ಅವನ ತೋಳು ಸ್ವಲ್ಪ ಬಿಗಿಯಾಯಿತು, ಅಷ್ಟೇ.

ಡಾಕ್ಟರು ದಪ್ಪ ದನಿಯ ಹೆಂಗಸು, ಮಕ್ಕಳನ್ನು ಮಾತಾಡಿಸುವ ಹಾಗೆ ಎಲ್ಲರನ್ನೂ ಮಾತಾಡಿಸುತ್ತಿದ್ದರು. ಪಟ್ಟಿ ಬಿಚ್ಚಿ, ಹತ್ತಿಯಿಂದ ರೆಪ್ಪೆ ಒರೆಸಿ, ನಿಧಾನವಾಗಿ ಬಿಡಿ ಅಂದರು. ಅಣ್ಣ ಕಣ್ಣು ಬಿಟ್ಟು ಮೊದಲು ನೋಡಿದ್ದು ತನ್ನ ಅಂಗೈಯನ್ನು. ಆಮೇಲೆ ತಲೆ ತಿರುಗಿಸಿ ಅವಳ ಮುಖ ನೋಡಿದ. ನೋಡುತ್ತಲೇ ಇದ್ದ. ಗೋಡೆಯ ಮೇಲಿನ ಅಂಕಿಗಳನ್ನು ಓದಿ ಎಂದು ಡಾಕ್ಟರು ಅಂದಾಗ ಮೇಲಿನಿಂದ ಕೆಳಗಿನವರೆಗೆ ತಡವರಿಸದೆ ಓದಿಬಿಟ್ಟ, ಕೊನೆಯ ಸಾಲನ್ನು ಹಿಂದುಮುಂದಾಗಿಯೂ ಓದಿದ. "ಶಭಾಷ್! ಹದಿನೆಂಟರ ಹುಡುಗ ಆಗ್ಬಿಟ್ರಿ ನೀವು," ಎಂದು ಡಾಕ್ಟರು ನಕ್ಕರು. ಅಣ್ಣನಿಗೆ ನಗು ಬರಲಿಲ್ಲ. ಅವನ ತುಟಿ ಮತ್ತೆ ಅಲ್ಲಾಡುತ್ತಿದ್ದುದನ್ನು ಅವಳು ನೋಡಿದಳು, ನೋಡದ ಹಾಗೆ ಕಿಟಕಿಯ ಕಡೆ ತಿರುಗಿದಳು.

ಬಸ್ಸಿನಲ್ಲಿ ಅಣ್ಣ ಕಿಟಕಿಯ ಪಕ್ಕ ಕುಳಿತ. ಕಪ್ಪು ಕನ್ನಡಕ ಹಾಕಿಕೊಂಡಿದ್ದರೂ ಅಂಗಡಿಯ ಫಲಕಗಳನ್ನೆಲ್ಲ ಓದುತ್ತಿದ್ದಾನೆಂದು ಅವನ ಕತ್ತಿನ ತಿರುಗಾಟದಲ್ಲಿ ತಿಳಿಯುತ್ತಿತ್ತು. ಅವಳು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಸಭೆ ನಡೆದುಹೋಗಲಿ. ಇವತ್ತು ಅಂದುಕೊಂಡ ಹಾಗೇ ಮಾತಾಡುತ್ತೇನೆ, ಯಜಮಾನನ ಬಗ್ಗೆ ಹೇಳುವುದೆಲ್ಲ ನಿಜವೇ ತಾನೆ, ಮುಂದಿನ ವಾರ ಅಳಿಯನ ಜಾಗವನ್ನು ಸದ್ದಿಲ್ಲದೆ ಸರಿಮಾಡುತ್ತೇನೆ. ಯಾರಿಗೆ ನಷ್ಟ? ಕಣ್ಣು ಬಂದ ದಿನವೇ ಮನುಷ್ಯನಿಗೆ ನಿನ್ನ ಲೆಕ್ಕ ತಪ್ಪು ಅನ್ನುವುದು ಯಾವ ಪುರುಷಾರ್ಥ? ವಾದ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದರಿಂದಲೇ ಅವಳಿಗೆ ಅದರ ಮೇಲೆ ಗುಮಾನಿ ಬಂತು.

"ಎರಡು, ಒಂದು, ಎರಡು, ಒಂಬತ್ತು, ಒಂದು, ಆರು, ಸೊನ್ನೆ, ಒಂದು," ಅಂದ ಅಣ್ಣ, ಕಿಟಕಿಯ ಹೊರಗೆ ನೋಡುತ್ತಲೇ. "ಸರಿಯಾ?"

"ಸರಿ."

"ಶೇಷ ಇಲ್ಲ."

"ಇಲ್ಲ ಅಣ್ಣ."

ಬಸ್ಸು ಒಂದು ನಿಲ್ದಾಣದಲ್ಲಿ ನಿಂತಿತು, ಜನ ಇಳಿದರು, ಹತ್ತಿದರು. "ನೂರರವರೆಗೆ ಬಾಯಲ್ಲೇ ಭಾಗಿಸಿದ್ದೆ," ಅಂದ. "ಆಮೇಲೆ ಆಗ್ಲಿಲ್ಲ. ಪರೀಕ್ಷೆ ಮಾಡೋ ಹೊತ್ತಿಗೇ ಕಣ್ಣು ಕೈಕೊಟ್ಟಿತ್ತು. ನಾಲ್ಕೂ ಪಾಸಾಯ್ತಲ್ಲ, ಇನ್ನೇನು ಅನ್ಕೊಂಡೆ. ತಪ್ಪು ನಂದೇ."

"ಬಿಡು ಅಣ್ಣ, ಅದನ್ನ ಸರಿಮಾಡ್ಬಹುದು..."

"ನನಗೆ ಕಾಣ್ತಿರಲಿಲ್ಲ ಅಂತ ನಿನಗೆ ಗೊತ್ತಿತ್ತು."

ಅವಳು ಇಲ್ಲ ಅನ್ನಬಹುದಿತ್ತು. ಅವನು ಕನ್ನಡಕ ತೆಗೆದು ಅವಳ ಕಡೆ ತಿರುಗಿದ್ದ, ಹೊಸ ಕಣ್ಣು ಕೆಂಪಗಿತ್ತು. "ಗೊತ್ತಿತ್ತು," ಎಂದಳು.

"ಗೊತ್ತಿದ್ದೂ ಒಂದು ಸಲ ಭಾಗಿಸಿ ನೋಡ್ಲಿಲ್ಲ."

"ನಿನ್ನ ಮಾತಿನ ಮೇಲೆ ಅನುಮಾನ ಪಡೋದಾ?"

"ಬೇರೆ ಯಾರಾದ್ರೂ ಆಗಿದ್ರೆ?"

"ಜನ್ಮ ಜಾಲಾಡ್ತಿದ್ದೆ."

"ಮತ್ತೆ ನಾನೇನು ಮಾಡಿದ್ದೆ, ನನ್ನನ್ನ ಬಿಟ್ಟುಬಿಟ್ಟೆ?" ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ನೀನು ಅಷ್ಟುದ್ದ ಇದ್ದಾಗಿಂದ ನಿನ್ನ ಒಂದೊಂದು ಲೆಕ್ಕಾನೂ ಎರಡು ಸಲ ನೋಡ್ದೆ. ಬೈದೆ ನೀನು, ಅತ್ತುಬಿಟ್ಟೆ, ಆದ್ರೂ ನೋಡ್ದೆ. ನನ್ನ ಲೆಕ್ಕ ನೋಡೋದನ್ನ ನೀನು ಯಾವಾಗ ಬಿಟ್ಟೆ ಪುಟ್ಟೀ? ಮುದುಕ ಹೇಳಿದ್ದಕ್ಕೆಲ್ಲ ಹೂಂ ಅಂದ್ರಾಯ್ತು ಅಂತ ಯಾವತ್ತು ಅನ್ನಿಸ್ತು?"

ಅವಳು ಹಿಂದಕ್ಕೆ ಹೋಗಿ ಹುಡುಕಿದಳು. ಹೇಳಿದ ಕತೆಯನ್ನೇ ಅವನು ಮತ್ತೆ ಹೇಳಿದಾಗ ಮೊದಲ ಸಲ ಕೇಳಿದವಳಂತೆ ನಕ್ಕದ್ದು, ಅವನು ಹೇಳಿದ ದಾರಿ ಸುತ್ತು ಎಂದು ಗೊತ್ತಿದ್ದೂ ಸರಿ ಎಂದು ಅದರಲ್ಲೇ ನಡೆದದ್ದು, ಅವನ ಎದುರಿಗೆ ವಾದ ಮಾಡುವುದನ್ನೇ ನಿಲ್ಲಿಸಿದ್ದು. ಮೊದಲೆಲ್ಲ ಊಟದ ಮೇಜಿನ ಮೇಲೆ ಇಬ್ಬರೂ ಚಮಚ ಬಡಿದು ಜಗಳವಾಡುತ್ತಿದ್ದರು. ಅದು ಯಾವಾಗ ನಿಂತಿತು? ನಿಂತದ್ದನ್ನು ಅವಳು ಗಮನಿಸಿರಲಿಲ್ಲ, ಅವನು ಗಮನಿಸಿದ್ದ. ಅವಳು ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡಳು.

"ಇವತ್ತು ಸುಮ್ಮನಿದ್ರೆ ಯಾರಿಗೂ ಗೊತ್ತಾಗಲ್ಲ," ಎಂದಳು ಕೊನೆಗೆ. "ಒಂದು ವಾರ ಕೊಟ್ಟರೆ ಎಲ್ಲಾ ಸರಿ ಮಾಡ್ತೀನಿ. ನಿನ್ನ ಹೆಸರಿಗೆ..."

"ನನ್ನ ಹೆಸರು ಅಲ್ಲೇ ಇರಲಿ, ಅದಕ್ಕೇನೂ ಆಗಲ್ಲ," ಅಂದ ಅಣ್ಣ. "ಮಾತಾಡೋಳು ನೀನು. ಏನು ಮಾತಾಡ್ತೀಯೋ ನೀನೇ ನೋಡ್ಕೊ." ಕನ್ನಡಕ ಹಾಕಿಕೊಂಡು ಮತ್ತೆ ಅಂಗಡಿಗಳನ್ನು ಓದತೊಡಗಿದ.

ಸಭಾಂಗಣದಲ್ಲಿ ಹೊಸ ಬಣ್ಣದ ವಾಸನೆ. ಅತಿಥಿಗಳು ಮುಂದಿನ ಸಾಲಿನಲ್ಲಿ, ಅವರ ಕೊನೆಗೆ ಅಣ್ಣ, ಹಿಂದೆ ಹುಡುಗರು. ಮುಖ್ಯಸ್ಥರು ಈ ಸಲ ಅವಳ ಹೆಸರು ಹೇಳಿದರು, ಡಿಗ್ರಿಗಳನ್ನೂ ಹೇಳಿದರು, ಇಂಥ ದೊಡ್ಡ ಸಂಖ್ಯೆಯನ್ನು ಅವಿಭಾಜ್ಯವೆಂದು ಸಾಧಿಸಿದ್ದು ನಮ್ಮ ವಿಭಾಗಕ್ಕೇ ಹೆಮ್ಮೆ ಎಂದರು. ಎಷ್ಟು ವರ್ಷದಿಂದ ಕಾದಿದ್ದ ಮಾತು! ಬಂತು, ಕಿವಿಯ ಪಕ್ಕದಲ್ಲೇ ಹೋಯಿತು. ಅವಳು ಕರಿಹಲಗೆಯ ಮುಂದೆ ನಿಂತಳು, ಸೀಮೆಸುಣ್ಣ ಕೈಯಲ್ಲಿತ್ತು, ಚಪ್ಪಲಿಯನ್ನು ಮೇಜಿನ ಕೆಳಗೆ ಕಳಚಿಬಿಟ್ಟಿದ್ದಳು. ಮುಂದಿನ ಕುರ್ಚಿಯಲ್ಲಿ ಅಣ್ಣ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇಷ್ಟು ದೂರದಿಂದ ಅವನು ತನ್ನ ಬರಹವನ್ನು ಓದಿ ಎಷ್ಟು ಕಾಲವಾಯಿತು ಎಂದು ಅವಳಿಗೆ ಹೊಳೆಯಿತು.

ಅವಳು ಯಜಮಾನನನ್ನು ಬರೆದಳು, ಹಲಗೆಯ ಈ ತುದಿಯಿಂದ ಆ ತುದಿಯವರೆಗೆ. ಕೆಳಗೆ ಚೂರುಗಳನ್ನು ಬರೆದಳು, ಕೊನೆಯಲ್ಲಿ ಅಳಿಯನನ್ನು. ಆಮೇಲೆ ತಿರುಗಿ ನಿಂತು, ದಿನವೂ ತರಗತಿಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು: "ಈ ಸಂಖ್ಯೆ ಅವಿಭಾಜ್ಯ ಅಂತ ನಾವು ಸಾಧಿಸಿದ್ದೀವಿ ಅಂತ ಬಾಗಿಲಿಗೆ ಬರೆದು ಅಂಟಿಸಿದ್ದಾರೆ. ಸಾಧಿಸಿಲ್ಲ. ಈ ಹತ್ತು ಅಂಕಿಯದು ನೂರ ಐವತ್ತೊಂದರಿಂದ ಭಾಗ ಆಗುತ್ತೆ. ಇವತ್ತು ಬೆಳಿಗ್ಗೆ ಗೊತ್ತಾಯ್ತು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಖ್ಯಸ್ಥರ ಮುಖ ಸುಣ್ಣ ಬಳಿದ ಗೋಡೆಯಾಯಿತು. ಅತಿಥಿಯೊಬ್ಬರು ಕೈಗಡಿಯಾರ ನೋಡಿಕೊಂಡು, ತುಂಬ ಮೃದುವಾಗಿ, "ಅಷ್ಟು ಚಿಕ್ಕ ಸಂಖ್ಯೆಯಿಂದ ಭಾ​ಗಿಸಿ ನೋಡಿರಲಿಲ್ವೇ? ಯಾರು ಪರಿಶೀಲಿಸಿದ್ರು ಇದನ್ನ?" ಎಂದು ಕೇಳಿದರು. ಮೃದುವಾಗಿದ್ದದ್ದರಿಂದಲೇ ಅದು ಚುಚ್ಚಿತು.

"ನಾನು ಪರಿಶೀಲಿಸ್ಬೇಕಿತ್ತು," ಎಂದಳು. "ಪರಿಶೀಲಿಸ್ಲಿಲ್ಲ."

"ಲೆಕ್ಕ ಮಾಡಿದ್ದು ನಾನು," ಅಣ್ಣ ಕುಳಿತಲ್ಲಿಂದಲೇ ಹೇಳಿದ. ಎಲ್ಲರೂ ಅವನ ಕಡೆ ತಿರುಗಿದರು. "ಈ ಸಂಖ್ಯೆ ನಾಲ್ಕು ಪರೀಕ್ಷೇನೂ ಪಾಸಾಗಿತ್ತು. ಅವಿಭಾಜ್ಯ ಅಲ್ಲದೇನೇ ಎಲ್ಲಾ ಪರೀಕ್ಷೆ ಪಾಸಾಗೋ ಒಂದು ಜಾತಿ ಕಳ್ಳರಿದಾರೆ. ಆದ್ರೆ ಆ ಕಳ್ಳರಿಗೂ ಒಂದು ನೀತಿ ಇದೆ. ಅವರ ಒಂದೊಂದು ಅಪವರ್ತನದಿಂದಲೂ ಒಂದು ಕಳೆದರೆ, ಬರೋ ಸಂಖ್ಯೆ, ಕಳ್ಳನಿಂದ ಒಂದು ಕಳೆದ ಸಂಖ್ಯೇನ ಸರಿಯಾಗಿ ಭಾಗಿಸ್ಬೇಕು. ನೂರ ಐವತ್ತು ಭಾಗಿಸುತ್ತೆ, ಬಸ್ಸಲ್ಲೇ ನೋಡ್ದೆ. ಹಂಗಾದ್ರೆ ಇವನು ಆ ಜಾತಿಯವನೇ ಇರ್ಬೇಕು. ಎಲ್ಲಾ ಸಂಖ್ಯೆಯಿಂದ ಭಾಗಿಸ್ತಾ ಕೂರೋದು ಬೇಡ, ಆ ನೀತಿಗೆ ಹೊಂದೋ ಏಳೆಂಟು ಸಂಖ್ಯೆ ನೋಡಿದ್ರೆ ಸಾಕು."

ಅವಳು ನೂರ ಐವತ್ತೊಂದನ್ನೂ, ಅದರ ಪಕ್ಕ ಭಾಗಿಸಿ ಬಂದ 21291601 ಅನ್ನೂ ಬರೆದಳು. ಅಣ್ಣ ಕಣ್ಣು ಮುಚ್ಚಿಕೊಂಡ. ಹಳೆಯ ಅಭ್ಯಾಸ, ಈಗ ಕಣ್ಣಿದ್ದರೂ ಬಿಡಲಾಗದು. ತುಟಿ ಅಲ್ಲಾಡುತ್ತಿತ್ತು, ಬಲಗೈ ಗಾಳಿಯಲ್ಲಿ ಇಲ್ಲದ ಹಿಡಿಯೊಂದನ್ನು ತಿರುಗಿಸುತ್ತಿತ್ತು. "ಏಳುನೂರ ಐವತ್ತೊಂದು," ಅಂದ ಕೊನೆಗೆ. "ಏಳುನೂರ ಐವತ್ತೊಂದರಿಂದ ಹೋಗುತ್ತೆ. ಉಳಿಯೋದು ಇಪ್ಪತ್ತೆಂಟು ಸಾವಿರದ ಮುನ್ನೂರ ಅರವತ್ತೊಂದು."

ಅತಿಥಿಗಳ ಸಾಲಿನಿಂದ ಒಂದು ಮೆಚ್ಚುಗೆಯ ಗುಜುಗುಜು ಎದ್ದಿತು. ಮುಖ್ಯಸ್ಥರಿಗೆ ಹೋದ ಜೀವ ಬಂದಂತಾಗಿ ಅವರೇ ಮೊದಲು ಚಪ್ಪಾಳೆ ತಟ್ಟಿದರು, ಹುಡುಗರು ಸೇರಿಕೊಂಡರು. ಕಣ್ಣು ಬಂದ ದಿನವೇ ಬಾಯಿಲೆಕ್ಕದಲ್ಲಿ ಕಳ್ಳನನ್ನು ಒಡೆದುಬಿಟ್ಟ ಮುದುಕ, ಸಭೆಗೆ ಇದಕ್ಕಿಂತ ಏನು ಬೇಕು? ಅಣ್ಣ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದ. ಅವಳು ಬರೆದುಕೊಂಡು ಮುಂದೆ ಹೋಗಬಹುದಿತ್ತು. ಮುಂದೆ ಹೋಗಬಾರದೆಂದು ಯಾರೂ ಹೇಳಿರಲಿಲ್ಲ.

ಅವಳು ಸಭೆಗೆ ಬೆನ್ನು ಮಾಡಿದಳು. ಹಲಗೆಯ ಮೂಲೆಯಲ್ಲಿ 28361 ಬರೆದು ಅದರ ಕೆಳಗೆ 751 ಬರೆದಳು, ಗೆರೆ ಎಳೆದಳು, ಮಕ್ಕಳು ಗುಣಿಸುವ ಹಾಗೆ ಒಂದೊಂದೇ ಸಾಲು ಗುಣಿಸಿದಳು. ಚಪ್ಪಾಳೆ ಅಲ್ಲೊಂದು ಇಲ್ಲೊಂದಾಗಿ ನಿಂತಿತು. ಮುಖ್ಯಸ್ಥರು ಹಿಂದಿನಿಂದ, "ಮೇಡಂ, ಅದನ್ನ ಆಮೇಲೆ ನೋಡ್ಕೊಂಡ್ರಾಯ್ತು ಬಿಡಿ," ಎಂದರು. ಅವಳು ಕೂಡಿದಳು. 21299111. ಮೇಲೆ ಬರೆದದ್ದರ ಜೊತೆ ಹೋಲಿಸಿದಳು, ಮತ್ತೊಮ್ಮೆ ಹೋಲಿಸಿದಳು. ಆಮೇಲೆ ತಿರುಗಿದಳು.

"ಅಣ್ಣ, ತಪ್ಪು."

ಅತಿಥಿಯೊಬ್ಬರು ಮುಜುಗರದಿಂದ ತಮ್ಮ ಮೊಣಕಾಲು ನೋಡಿಕೊಂಡರು. ಅಣ್ಣ ಕುರ್ಚಿಯ ತುದಿಗೆ ಸರಿದು, ಹೊಸ ಕಣ್ಣನ್ನು ಕಿರಿದು ಮಾಡಿ ಹಲಗೆಯನ್ನು ಓದುತ್ತಿದ್ದ.

"ಎಲ್ಲಿ ತಪ್ಪು?"

"ಹತ್ತರ ಸ್ಥಾನದಲ್ಲಿ ಹೊಂದಲ್ಲ."

ಅವನು ಓದಿದ. ಮುಖದಲ್ಲಿ ಏನೋ ಸಡಿಲವಾಯಿತು, ಬಹಳ ದಿನದಿಂದ ಒಬ್ಬನೇ ಕುಳಿತಿದ್ದವನ ಮನೆಗೆ ಯಾರೋ ಬಂದ ಹಾಗೆ. "ಅರವತ್ತೊಂದಲ್ಲ," ಎಂದ, "ಐವತ್ತೊಂದು. ಇಪ್ಪತ್ತೆಂಟು ಸಾವಿರದ ಮುನ್ನೂರ ಐವತ್ತೊಂದು. ಈಗ ಸರಿ. ಬರ್ಕೊ."

"ಇರು," ಎಂದು ಅವಳು ಹಲಗೆಯ ಮೂಲೆಯನ್ನು ಅಂಗೈಯಿಂದ ಒರೆಸಿದಳು. "ಅದನ್ನೂ ಗುಣಿಸಿ ನೋಡ್ತೀನಿ."

"ನೋಡೇ, ನೋಡು," ಅಂದ ಅಣ್ಣ, ಕುರ್ಚಿಗೆ ಒರಗಿ ಕುಳಿತು.